ಎರಡು ವರ್ಷದ ಮೇಲೆ ಊರು ಬಿಟ್ಟು ಹೊರಡುವವರಿಗೆ: ರೈಲು, ಕಾರು, ಕಾಗದಪತ್ರ – ಏನೇನು ಬದಲಾಗಿದೆ?

ಕೊಪ್ಪಳ_ಕೋಟೆ · 11 ಏಪ್ರಿಲ್ 2022 (ಈ ಎಳೆಯ ದರ, ನಿಯಮಗಳೆಲ್ಲ ಆಗಿನವು, ಆಮೇಲೆ ಹಲವು ಬದಲಾಗಿವೆ)

ಆರು ಜನ. ಇಬ್ಬರು 65 ದಾಟಿದವರು (ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ), 13 ವರ್ಷದ ಹುಡುಗಿ ಒಬ್ಬಳು. ಶಾಲೆ ಮೇ 16ಕ್ಕೆ ಶುರು, ಅಷ್ಟರೊಳಗೆ ವಾಪಸ್ ಬರಬೇಕು. ಎರಡು ಯೋಚನೆ ಇವೆ: ಒಂದು, ಮೇ ಮೊದಲ ವಾರ ರಾಯಚೂರಿನಿಂದ ರೈಲಿನಲ್ಲಿ ಕಾಶಿ. ಎರಡು, 2020ರಿಂದ ಹೆಚ್ಚುಕಡಿಮೆ ನಿಂತೇ ಇರುವ ಕಾರಿನಲ್ಲಿ ಗೋಕರ್ಣ, ಸಾಧ್ಯವಾದರೆ ಗೋವಾ. ಕೊರೊನಾ ನಿರ್ಬಂಧ ತೆಗೆದಿದ್ದಾರೆ ಅನ್ನೋದು ಗೊತ್ತು. ಟಿಕೆಟ್, ಗಾಡಿ, ಕಾಗದ ಇವುಗಳಲ್ಲಿ ಏನು ನೋಡಿಕೊಳ್ಳಬೇಕು ಅಂತ ತಿಳಿದವರು ಹೇಳಿ. "ಜಾಗ್ರತೆ ಇರಲಿ" ಅನ್ನೋ ಉತ್ತರ ಬೇಡ, ಅದು ವಾಟ್ಸಾಪಿನಲ್ಲಿ ಸಾಕಷ್ಟು ಬರ್ತಿದೆ.

---

ಜಂಕ್ಷನ್_ರಾಯಚೂರು

ರೈಲಿಂದು ನಾ ಹೇಳ್ತೀನಿ ನೋಡ್ರಿ. ಮೊದಲ ಮಾತು: ಈಗ ಅಡ್ಡಿ ಬರೋದು ಕೊರೊನಾ ನಿಯಮ ಅಲ್ಲ, 2019ರ ನಿಮ್ಮ ರೂಢಿ.

ಐಆರ್‌ಸಿಟಿಸಿ ಖಾತೆ ಇವತ್ತೇ ತೆಗೆದು ನೋಡ್ರಿ. ಲಾಕ್‌ಡೌನ್ ಹೊತ್ತಿನಿಂದ ಬಳಸದ ಖಾತೆಗಳಿಗೆ ಮೊಬೈಲು, ಇಮೇಲ್ ಎರಡನ್ನೂ ಮತ್ತೊಮ್ಮೆ ಒಟಿಪಿ ಹಾಕಿ ಖಚಿತ ಮಾಡ ಅಂತ ಕೇಳ್ತದ. ಹಳೇ ಸಿಮ್ ಬಂದ್ ಆಗಿದ್ರ, ಇಮೇಲ್ ಪಾಸ್‌ವರ್ಡ್ ಮರೆತಿದ್ರ, ತತ್ಕಾಲ್ ಬೆಳಗ್ಗೆ 10 ಗಂಟೆಗೆ ಅದು ಗೊತ್ತಾದ್ರ ಕಥಿ ಮುಗೀತು. ಆಧಾರ್ ಜೋಡಿಸದ ಖಾತೆಗೆ ತಿಂಗಳಿಗೆ 6 ಟಿಕೆಟ್, ಜೋಡಿಸಿದ್ರ 12. ಹೋಗೋದು, ಬರೋದು, ನಡುವಿನ ರೈಲು ಅಂತ ಎಣಿಸಿದ್ರ 6 ಬೇಗ ತುಂಬ್ತದ.

ಗಾಡಿ ನಂಬರು: 2020ರ ಜೂನಿನಿಂದ ಎಲ್ಲಾ "ಸ್ಪೆಷಲ್" ಆಗಿ, ಮೊದಲ ಅಂಕಿ ಸೊನ್ನೆ ಆಗಿತ್ತು. ಕರ್ನಾಟಕ ಎಕ್ಸ್‌ಪ್ರೆಸ್ 02627, ಉದ್ಯಾನ್ 01301, ಹಂಪಿ 06591 ಹಿಂಗ. ಹೋದ ನವೆಂಬರ್‌ನಾಗ ಆ ಸೊನ್ನೆ ತೆಗೆದು ಹಳೇ ನಂಬರು ಕೊಟ್ಟಾರ: 12627, 11301, 16591. ಫೋನಿನಾಗ ಉಳಿಸಿಟ್ಟ ಸ್ಕ್ರೀನ್‌ಶಾಟ್ ನೋಡಿ ಸೊನ್ನೆ ನಂಬರು ಹುಡುಕಿದ್ರ "ರೈಲೇ ಇಲ್ಲ" ಅಂತ ಬರ್ತದ. ರೈಲು ಅದ.

ಹಿರಿಯರ ರಿಯಾಯ್ತಿ ಇಲ್ಲ. 2020ರ ಮಾರ್ಚ್ 20ರಿಂದ ನಿಂತದ್ದು ಇನ್ನೂ ಕೊಟ್ಟಿಲ್ಲ. ಮೊದಲು 60 ದಾಟಿದ ಗಂಡಸರಿಗೆ ನೂರಕ್ಕ 40, 58 ದಾಟಿದ ಹೆಂಗಸರಿಗೆ 50 ಕಡಿತ ಇತ್ತು. ಈಗ ಪೂರ್ತಿ ದರ ಹಿಡಿದು ಲೆಕ್ಕ ಹಾಕ್ರಿ.

ಆದ್ರ ಕೆಳಗಿನ ಬರ್ತಿನ ಕೋಟಾ ಹೋಗಿಲ್ಲ. ಇದು ಬಹಳ ಮಂದಿಗೆ ಗೊತ್ತಿಲ್ಲ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರಿಗೆ ಸ್ಲೀಪರ್ ಬೋಗಿಗೆ 6–7, ಥರ್ಡ್ ಎಸಿಗೆ 4–5 ಕೆಳಗಿನ ಬರ್ತ್ ತೆಗೆದಿಟ್ಟಿರ್ತಾರ. ಷರತ್ತು ಏನಂದ್ರ, ಒಂದು ಪಿಎನ್‌ಆರ್‌ನಾಗ (ಅಂದ್ರ ಒಂದೇ ಬುಕಿಂಗ್ ನಂಬರಿನ ಟಿಕೆಟಿನಾಗ) ಅಂಥವರು ಒಬ್ಬರೇ ಇಲ್ಲಾ ಇಬ್ಬರೇ ಇರಬೇಕು. ಆರೂ ಮಂದಿ ಒಂದೇ ಟಿಕೆಟಿನಾಗ ಹಾಕಿದ್ರ ಆ ಕೋಟಾ ಲೆಕ್ಕಕ್ಕೇ ಬರಂಗಿಲ್ಲ, ಹಿರಿಯರಿಗೆ ಮ್ಯಾಲಿನ ಬರ್ತ್ ಬಿದ್ರೂ ಬೀಳ್ತದ. ಹಿರಿಯರಿಬ್ಬರದ್ದು ಬ್ಯಾರೆ ಪಿಎನ್‌ಆರ್, ಉಳಿದ ನಾಲ್ಕು ಬ್ಯಾರೆ ಮಾಡ್ರಿ. ಲೋಯರ್ ಬರ್ತ್ ಕೋಟಾ ಅಂತ ಆರಿಸೋ ಜಾಗ ಆ್ಯಪಿನಾಗೇ ಅದ.

ಜನರಲ್ ಬೋಗಿ ಕಂಡು ಹತ್ತಬ್ಯಾಡ್ರಿ. ಹೊರಗ ಬಣ್ಣ ಅದೇ, ಒಳಗ ಎಲ್ಲಾ ಸೀಟು ನಂಬರ್ ಹಾಕಿ ರಿಸರ್ವ್ ಮಾಡಿದ ಸೆಕೆಂಡ್ ಸಿಟಿಂಗ್. ಜನರಲ್ ಮತ್ತ ಕೊಡ್ರಿ ಅಂತ ಫೆಬ್ರವರಿ 28ಕ್ಕ ರೈಲ್ವೆ ಬೋರ್ಡಿನ ಆದೇಶ ಬಂದದ. ಆದ್ರ ಟಿಕೆಟ್ 120 ದಿನ ಮುಂಚೆನೇ ಮಾರಾಟ ಆಗಿರ್ತಾವಲ್ಲ, ಆ ಮಾರಿದ ದಿನಗಳು ಮುಗಿಯೋತನಕ ಬದಲಾಯಿಸಕ್ಕ ಆಗಂಗಿಲ್ಲ. ಅಂದ್ರ ಬಹಳಷ್ಟು ಗಾಡಿಗೆ ಜೂನ್ ಕೊನೀ ಹಿಡೀರಿ. ಮೇ ತಿಂಗಳಿಗೆ ಅದನ್ನ ನಂಬಬ್ಯಾಡ್ರಿ.

---

ಹಗರಿ_ಹೊಳಿ (ಬಳ್ಳಾರಿ)

ಮೇಲಿನದಕ್ಕೆ ಒಂದು ತಕರಾರು. ಪಿಎನ್‌ಆರ್ ಒಡೆದರೆ ಹಿರಿಯರು ಎಸ್-2, ಉಳಿದವರು ಎಸ್-9 ಆಗಬಹುದು. ಸಕ್ಕರೆ ಕಾಯಿಲೆ ಇರುವವರನ್ನು ರಾತ್ರಿ ಬೇರೆ ಬೋಗಿಯಲ್ಲಿ ಬಿಡೋದು ಸರಿಯಾ? ಸ್ಲೀಪರ್‌ನಲ್ಲಾದರೂ ನಡುವೆ ನಡೆದು ಹೋಗಬಹುದು, ಎಸಿ ಮತ್ತು ಸ್ಲೀಪರ್ ನಡುವಿನ ಬಾಗಿಲು ರಾತ್ರಿ ಮುಚ್ಚಿರುತ್ತೆ.

ಜಂಕ್ಷನ್_ರಾಯಚೂರು

@ಹಗರಿ_ಹೊಳಿ ಮಾತು ಖರೇ. ಅದಕ್ಕ 2+4 ಬ್ಯಾಡ. ಆದ್ರ 2+2+2 ಮಾಡಿ, ಇಬ್ಬರು ಹಿರಿಯರನ್ನ ಬಿಡಿಸಿ ಒಬ್ಬೊಬ್ಬರ ಜೊತಿಗೆ ಒಬ್ಬ ದೊಡ್ಡವರು ಅಂತ ಮಾಡಿದ್ರ ಕೋಟಾ ತಪ್ಪತದ, ಯಾಕಂದ್ರ ಜೊತಿಗಿರೋವ್ರಿಗೆ ಆ ವಯಸ್ಸು ಆಗಿರಂಗಿಲ್ಲ. ಹೆಣ್ಣುಮಗಳು 45 ದಾಟಿದವರು ಒಬ್ಬರು ಇದ್ರ ಅವರನ್ನ ಸಕ್ಕರೆ ಇರೋ ಹಿರಿಯರ ಜೊತಿ ಹಾಕ್ರಿ. ಇಬ್ಬರಿಗೂ ಕೋಟಾ ಸಿಗ್ತದ, ಜೊತಿಗೆ ಜನಾನೂ ಇರ್ತದ. ಎಲ್ಲರೂ ಒಂದೇ ದರ್ಜೆ ತಗೊಳ್ರಿ, ಅಷ್ಟು ಸಾಕು.

---

ಕೊಪ್ಪಳ_ಕೋಟೆ

45 ದಾಟಿದ ಅತ್ತಿಗೆ ಇದ್ದಾರೆ, ಸರಿಹೋಯ್ತು. ಕಾಶಿಗೆ ನೇರ ರೈಲು ಬೇಡ, ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಇಟಾರ್ಸಿ, ಅಲ್ಲಿಂದ ಇನ್ನೊಂದು ಅಂತ ಯೋಚನೆ. ಈಗ ನೋಡಿದರೆ ರಾಯಚೂರಿನಿಂದ ಎಲ್ಲಾ ವೇಟಿಂಗ್.

ಜಂಕ್ಷನ್_ರಾಯಚೂರು

120 ದಿನ ಮುಂಚೆ ತೆಗೀತದ, ಮೇ ಮೊದಲ ವಾರದ್ದು ಜನವರಿಯಾಗೇ ತೆಗೆದಾಗಿತ್ತು. ಮೇ 3ಕ್ಕ ಬಸವ ಜಯಂತಿ, ಅದರ ಆಜುಬಾಜು ರಂಜಾನ್ ಬ್ಯಾರೆ. ಖಾಲಿ ಇದ್ರನ ಆಶ್ಚರ್ಯ.

ವೇಟಿಂಗ್ ನೋಡೋದ್ರಾಗ ನಂಬರ್‌ಗಿಂತ ಅದರ ಹಿಂದಿನ ಅಕ್ಷರ ಮುಖ್ಯ. ಗಾಡಿ ಹೊರಡೋ ಊರಿಂದ ತಗೊಂಡ್ರ ಜಿಎನ್‌ಡಬ್ಲ್ಯುಎಲ್, ಇದು ಸರಿಯಾಗೋ ಸಾಧ್ಯತಿ ಹೆಚ್ಚು. ನಡುವಿನ ಊರಿಂದ ಊರಿಗೆ ತಗೊಂಡ್ರ ಪಿಕ್ಯೂಡಬ್ಲ್ಯುಎಲ್ ಇಲ್ಲಾ ಆರ್‌ಎಲ್‌ಡಬ್ಲ್ಯುಎಲ್. ಅವಕ್ಕ ಸಣ್ಣ ಕೋಟಾ, 12 ಇದ್ರೂ 12ರಾಗೇ ಉಳೀಬಹುದು. ದಾರಿ ಒಂದದ: ಬೆಂಗಳೂರಿಂದ ಟಿಕೆಟ್ ತಗೊಂಡು ಬೋರ್ಡಿಂಗ್ ಮಾತ್ರ ರಾಯಚೂರು ಅಂತ ಹಾಕೋದು. ಕಿಲೋಮೀಟರ್ ಹೆಚ್ಚಿಗೆ ಆದಷ್ಟು ದುಡ್ಡು ಹೆಚ್ಚಿಗೆ ಬೀಳ್ತದ, ಸೀಟು ಸಿಗ್ತದ. ಬೋರ್ಡಿಂಗ್ ಬದಲಾಯಿಸದಂಗ ಕುಂತ್ರ ಟಿಟಿಇ ಬೆಂಗಳೂರಾಗೇ "ಬಂದಿಲ್ಲ" ಅಂತ ಬರದು ಆರ್‌ಎಸಿಯವರಿಗೆ (ಬರ್ತ್ ಸಿಗದೆ ಬರೀ ಸೀಟು ಸಿಕ್ಕವರಿಗೆ) ಬರ್ತ್ ಕೊಟ್ಟುಬಿಡ್ತಾರ, ಅವರ ತಪ್ಪೂ ಅಲ್ಲ ಅದು. ಒಮ್ಮೆ ರಾಯಚೂರು ಅಂತ ಬದಲಿಸಿದ ಮ್ಯಾಲ ಬೆಂಗಳೂರಿಂದ ಹತ್ತೋ ಹಕ್ಕು ಹೋಗ್ತದ, ಅದೂ ನೆನಪಿರಲಿ.

ಇನ್ನ ಎರಡು ಗಾಡಿ ಜೋಡಿಸೋದು. ಎರಡೂ ಪಿಎನ್‌ಆರ್ ಬಿಡಿಬಿಡಿಯಾಗಿ ಇದ್ರ ಮೊದಲ ಗಾಡಿ ತಡಾ ಆಗಿ ಎರಡನೇದು ತಪ್ಪಿದಾಗ ದುಡ್ಡು ನೀರಾಗ ಹೋದಂಗ. "ಕನೆಕ್ಟಿಂಗ್ ಜರ್ನಿ" ಅಂತ ಎರಡು ಪಿಎನ್‌ಆರ್ ಜೋಡಿಸೋ ಸೌಲಭ್ಯ 2019ರ ಏಪ್ರಿಲ್‌ನಿಂದ ಅದ. ಎರಡರಾಗೂ ಹೆಸರು, ವಯಸ್ಸು, ಲಿಂಗ ಒಂದೇ ಥರ ಇರಬೇಕು. ಮೊದಲನೇದು ಮುಗಿಯೋ ಸ್ಟೇಷನ್ನೇ ಎರಡನೇದು ಶುರುವಾಗೋ ಸ್ಟೇಷನ್ ಆಗಿರಬೇಕು. ಆಗ ಮೊದಲ ಗಾಡಿ ತಡಾ ಆಗಿ ಎರಡನೇದು ತಪ್ಪಿದ್ರ, ಮೊದಲ ಗಾಡಿ ಇಟಾರ್ಸಿ ಮುಟ್ಟಿದ 3 ತಾಸಿನೊಳಗ ಟಿಡಿಆರ್ (ದುಡ್ಡು ವಾಪಸ್ ಕೇಳೋ ಅರ್ಜಿ) ಹಾಕ್ರಿ, ಹೋಗದ ದಾರಿ ದುಡ್ಡು ವಾಪಸ್ ಬರ್ತದ. 3 ತಾಸು ದಾಟಿದ್ರ ಇಲ್ಲ. ದುಡ್ಡು ಬರ್ತದಂತ ನಡುವ ಒಂದೇ ತಾಸು ಇಟ್ಕೋಬ್ಯಾಡ್ರಿ ಮತ್ತ, ಹಿರಿಯರನ್ನ ಕರ್ಕೊಂಡು ಮೇಲ್ಸೇತುವಿ ದಾಟಬೇಕು, 4–5 ತಾಸು ಇರಲಿ.

ಆ ಕಡೆ ಇಳಿಯೋದು ಎಲ್ಲಿ ಅಂತ ಸರಿಯಾಗಿ ಓದ್ರಿ. ವಾರಾಣಸಿ ಜಂಕ್ಷನ್ ಬ್ಯಾರೆ, ಬನಾರಸ್ ಬ್ಯಾರೆ. ಹೋದ ವರ್ಷ ಜುಲೈನಾಗ ಮಂಡುವಾಡೀಹ್ ಸ್ಟೇಷನ್ನಿಗೆ ಬನಾರಸ್ ಅಂತ ಹೆಸರಿಟ್ಟಾರ. ಎರಡೂ ಕಾಶಿನೇ, ಆದ್ರ ಆಟೋದವನಿಗೆ "ಬನಾರಸ್ ಸ್ಟೇಷನ್" ಅಂದು ತಪ್ಪು ಕಡೆ ಹೋದ್ರ ವಾಪಸ್ ಬರೋ ಗಾಡಿ ಸಿಗಂಗಿಲ್ಲ.

---

ಹಗರಿ_ಹೊಳಿ

ಕೊಪ್ಪಳದವರು ರಾಯಚೂರಿಗೆ ಯಾಕೆ ಹೋಗ್ಬೇಕು? ಹೊಸಪೇಟೆ, ಬಳ್ಳಾರಿ ಮೇಲೆ ಗುಂತಕಲ್ಲಿಗೆ ರೈಲಿದೆ, ಕರ್ನಾಟಕ ಎಕ್ಸ್‌ಪ್ರೆಸ್ ಅಲ್ಲೂ ನಿಲ್ಲುತ್ತೆ. ಗಂಗಾವತಿ, ಸಿಂಧನೂರು, ಮಾನ್ವಿ ದಾರಿಯಲ್ಲಿ ಸಾಮಾನು ಹೊತ್ತು ಬಸ್ಸಿನಲ್ಲಿ ಕೂರೋದಕ್ಕಿಂತ ಅದು ವಾಸಿ. ಬಸ್ಸೇ ಅಂದರೆ ಕಲ್ಯಾಣ ಕರ್ನಾಟಕ ಸಾರಿಗೆ ಅಂತ ಹುಡುಕಿ, ಈಶಾನ್ಯ ಸಾರಿಗೆ ಹೆಸರು ಹೋಗಿದೆ.

ಊರೂರಿಗೆ ಓಡುವ ಸಣ್ಣ ರೈಲುಗಳ ಲೆಕ್ಕವೂ ಬದಲಾಗಿದೆ. ಮೊದಲು ಪ್ಯಾಸೆಂಜರ್‌ಗೆ ಕನಿಷ್ಠ ಟಿಕೆಟ್ 10 ರೂಪಾಯಿ ಇತ್ತು. ಅವೇ ಗಾಡಿ ಈಗ ಎಕ್ಸ್‌ಪ್ರೆಸ್ ಸ್ಪೆಷಲ್ ಅಂತ ಓಡ್ತಿವೆ, ಕನಿಷ್ಠ 30. ನಿಲ್ಲೋದು ಹಳೇ ಕಡೆನೇ, ಓಡೋದೂ ಹಳೇ ವೇಗದಲ್ಲೇ. ದರ ಮಾತ್ರ ಎಕ್ಸ್‌ಪ್ರೆಸ್.

ಹೊದಿಕೆ ವಿಷಯ: ಎಸಿ ಬೋಗಿಗೆ ಬೆಡ್‌ಶೀಟು, ಕಂಬಳಿ, ಪರದೆ ಮತ್ತೆ ಕೊಡಬೇಕು ಅಂತ ಮಾರ್ಚ್ 10ರಂದು ಆದೇಶವಾಗಿದೆ. ಎರಡು ವರ್ಷ ಗೋದಾಮಿನಲ್ಲಿ ಬಿದ್ದದ್ದನ್ನು ಒಗೆದು, ಹೊಸತು ಕೊಂಡು ಎಲ್ಲ ಗಾಡಿಗೆ ಮುಟ್ಟಿಸಲು ತಿಂಗಳುಗಳೇ ಹಿಡಿಯುತ್ತೆ. ತಲೆಗೊಂದು ದುಪ್ಪಟಿ ಇಟ್ಟುಕೊಳ್ಳಿ. ಊಟಕ್ಕೆ ಚಿಂತೆ ಇಲ್ಲ, ಬಿಸಿ ಊಟ ಫೆಬ್ರವರಿ 14ರಿಂದ ಶುರುವಾಗಿದೆ.

---

ಪಾನಾ_ಸೆಟ್ಟು (ಗಂಗಾವತಿ)

ಕಾರಿನ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೇ ಬಂದೆ. ಕೊಪ್ಪಳದಿಂದ ಗೋಕರ್ಣ ಸುಮಾರು 270 ಕಿ.ಮೀ. ಹುಬ್ಬಳ್ಳಿ ತನಕ ಹೆದ್ದಾರಿ 67, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ. ದೂರ ದೊಡ್ಡದಲ್ಲ. ಆದ್ರೆ ನಿಂತ ಕಾರು ನಮ್ಮ ಬಯಲು ಸೀಮೆಯಲ್ಲಿ ಓಡಿದಾಗ ಚೆನ್ನಾಗೇ ಇರುತ್ತೆ, ಅದರ ರೋಗ ಗೊತ್ತಾಗೋದು ಘಾಟಿನ ಇಳಿಜಾರಿನಲ್ಲಿ. ಅದಕ್ಕೇ ಮೊದಲು ಬ್ರೇಕ್ ಆಯಿಲ್ ಮಾತಾಡೋಣ, ಸರ್ವಿಸ್ ಅಂದ್ರೆ ಎಲ್ಲರೂ ಇಂಜಿನ್ ಆಯಿಲ್ ಅಂತಾರೆ, ಇದನ್ನ ಬಿಡ್ತಾರೆ.

ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿರೋ ನೀರಿನ ಅಂಶ ಎಳ್ಕೊಳ್ಳೋ ಗುಣ ಇದೆ. ಗಾಡಿ ಓಡಲಿ ಬಿಡಲಿ, ಎಳ್ಕೊಳ್ತಾನೇ ಇರುತ್ತೆ. ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ 230 ಡಿಗ್ರಿಗೆ ಕುದಿಯಬೇಕು, ನೂರಕ್ಕೆ 3.7 ಭಾಗ ನೀರು ಸೇರಿದ ಮೇಲೆ 155ಕ್ಕೇ ಕುದಿಯಬಹುದು. ಡಾಟ್ 3 ಆದ್ರೆ 205 ಇದ್ದದ್ದು 140. ಆರು ಜನ, ಸಾಮಾನು, ಇಳಿಜಾರು, ಪೆಡಲ್ ಮೇಲೇ ಕಾಲು. ಡಿಸ್ಕಿನ ಕಾವು ಆಯಿಲ್‌ಗೆ ಮುಟ್ಟಿ ಗುಳ್ಳೆ ಏಳುತ್ತೆ. ಆಯಿಲ್ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ತಣ್ಣಗಾದ ಮೇಲೆ ಮತ್ತೆ ಸರಿ ಇರುತ್ತೆ, ಗ್ಯಾರೇಜಿಗೆ ತಂದಾಗ "ಏನೂ ಇಲ್ವಲ್ಲ" ಅನ್ಸುತ್ತೆ.

ಎರಡು ವರ್ಷ ದಾಟಿದ್ರೆ ಬದಲಿಸಿ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಇಲ್ಲ ಡಾಟ್ 4 ಅಂತ ಬರೆದಿರುತ್ತೆ, ಅದನ್ನೇ ತನ್ನಿ. ಸೀಲ್ ಒಡೆದು ಅರ್ಧ ಉಳಿದ ಹಳೇ ಡಬ್ಬಿ ಬೇಡ, ಅದೂ ನೀರು ಕುಡಿದಿರುತ್ತೆ. ಒಂದು ಲೀಟರ್ ಸಾಕು. ಮಾಡೋ ಕ್ರಮ ಹೀಗೆ, ಎದುರು ನಿಂತು ಮಾಡಿಸಿ: ಸಿರಿಂಜಿನಿಂದ ಬಾನೆಟ್ ಒಳಗಿನ ಡಬ್ಬಿಯಲ್ಲಿರೋ ಕಪ್ಪಾದ ಆಯಿಲ್ ಎಳೆದು ತೆಗೆದು ಹೊಸದು ತುಂಬೋದು. ಆಮೇಲೆ ಎಡ ಹಿಂದಿನ ಚಕ್ರ, ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು. ನಮ್ಮಲ್ಲಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಭಾಗ) ಬಲಕ್ಕಿರುತ್ತೆ, ದೂರದಿಂದ ಹತ್ತಿರಕ್ಕೆ ಬರಬೇಕು ಅಂತ ಈ ಕ್ರಮ. ಕೆಲವು ಮಾಡಲ್‌ಗೆ ಕ್ರಮ ಬೇರೆ, ಗಾಡಿ ಪುಸ್ತಕ ನೋಡಿ. ಚಕ್ರದ ಹತ್ತಿರ ಆಯಿಲ್ ಹೊರಗೆ ಬಿಡೋ ತಿರುಪು, ಅಂದ್ರೆ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿ ಸ್ವಲ್ಪ ಆಯಿಲ್ ಇರೋ ಬಾಟಲಿಯೊಳಗೆ ಮುಳುಗಿರಬೇಕು. ಒಬ್ಬ ಪೆಡಲ್ ಮೂರು ಸಲ ಒತ್ತಿ ಹಿಡೀಬೇಕು, ಇನ್ನೊಬ್ಬ ನಿಪ್ಪಲ್ ಕಾಲು ಸುತ್ತು ಬಿಡಬೇಕು. ಪೆಡಲ್ ಮೇಲೆ ಬಿಡೋಕೆ ಮುಂಚೆ ನಿಪ್ಪಲ್ ಬಿಗಿ ಆಗಬೇಕು, ಇಲ್ಲಾಂದ್ರೆ ಗಾಳಿ ಒಳಗೆ ಹೋಗುತ್ತೆ. ಪೈಪಿನಲ್ಲಿ ಕಪ್ಪು ಹೋಗಿ ತಿಳಿ ಜೇನಿನ ಬಣ್ಣ ಬಂದ್ರೆ ಆ ಚಕ್ರ ಮುಗೀತು. ನಡುವೆ ಮೇಲಿನ ಡಬ್ಬಿ ಖಾಲಿ ಆಗದಂತೆ ತುಂಬ್ತಾ ಇರಬೇಕು, ಖಾಲಿ ಆದ್ರೆ ಎಲ್ಲಾ ಮೊದಲಿಂದ. ಬಾಡಿ ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರು ಹಾಕಿ ತೊಳೀರಿ, ಬಣ್ಣ ಎದ್ದು ಬರುತ್ತೆ.

ಘಾಟಿನಲ್ಲಿ: ಯಾವ ಗೇರಿನಲ್ಲಿ ಹತ್ತಬೇಕಾಗ್ತಿತ್ತೋ ಅದೇ ಗೇರಿನಲ್ಲಿ ಇಳೀರಿ. ಪೆಡಲ್ ಮೆತ್ತಗಾಯ್ತು ಅನ್ಸಿದ್ರೆ ಬದಿಗೆ ಹಾಕಿ ಅರ್ಧ ಗಂಟೆ ಕೂತುಬಿಡಿ. ಡಿಸ್ಕಿಗೆ ನೀರು ಸುರೀಬೇಡಿ, ಬಾಗುತ್ತೆ ಇಲ್ಲ ಸೀಳುತ್ತೆ.

---

ಮುದಗಲ್_ಕಲ್ಲು

ಐದೈದು ವರ್ಷ ಬ್ರೇಕ್ ಆಯಿಲ್ ಮುಟ್ಟದಂಗ ಓಡಿಸೋವ್ರು ಊರ ತುಂಬ ಅದಾರ. ಒಂದೂ ಕೆಟ್ಟಿಲ್ಲ. ಗ್ಯಾರೇಜಿನವರ ದಂಧೆ ಇದು.

ಪಾನಾ_ಸೆಟ್ಟು

@ಮುದಗಲ್_ಕಲ್ಲು ಮುದಗಲ್–ಲಿಂಗಸೂಗೂರು–ಮಸ್ಕಿ ಓಡಿಸಿದ್ರೆ ಹತ್ತು ವರ್ಷವೂ ಕೆಡಲ್ಲ ಅಣ್ಣಾ, ಅಲ್ಲಿ 155 ಡಿಗ್ರಿ ಮುಟ್ಟೋಕೆ ಇಳಿಜಾರೇ ಇಲ್ಲ. ಅದನ್ನೇ ಹೇಳಿದ್ದು. ದಂಧೆ ಅನಿಸಿದ್ರೆ ನೀರಿನ ಅಂಶ ತೋರಿಸೋ ಪೆನ್ ಟೆಸ್ಟರ್ ಸಿಗುತ್ತೆ, ಡಬ್ಬಿಯೊಳಗೆ ಅದ್ದಿ ನೋಡಿ. ನೂರಕ್ಕೆ 3 ದಾಟಿದ್ದು ತೋರಿಸಿದ್ರೆ ಬದಲಿಸಿ, ತೋರಿಸದಿದ್ರೆ ಬಿಡಿ. ಜಗಳ ಮುಗೀತು.

ಉಳಿದದ್ದು ಬೇಗ ಹೇಳ್ತೀನಿ. ಬ್ಯಾಟರಿ: ರಾತ್ರಿ ನಿಂತ ಗಾಡಿಗೆ ಬೆಳಗ್ಗೆ ಮಲ್ಟಿಮೀಟರ್ ಹಿಡಿದ್ರೆ 12.6 ವೋಲ್ಟ್ ಇರಬೇಕು. 12.4 ಅಂದ್ರೆ ಮುಕ್ಕಾಲು ಚಾರ್ಜು. ಇಂಜಿನ್ ಓಡುವಾಗ 13.8ರಿಂದ 14.5. ಸ್ಟಾರ್ಟ್ ಮಾಡೋ ಕ್ಷಣ 9.6ಕ್ಕಿಂತ ಕೆಳಗಿಳಿದ್ರೆ ಬ್ಯಾಟರಿ ಮುಗಿದಿದೆ, ನೂಕಿ ಸ್ಟಾರ್ಟ್ ಮಾಡಿಕೊಂಡು ಗೋಕರ್ಣಕ್ಕೆ ಹೊರಡಬೇಡಿ.

ಟಯರ್: ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ, 2316 ಅಂದ್ರೆ 2016ರ 23ನೇ ವಾರ. ಟಯರಿನ ಮೇಲಿನ ಗೀರು ಆಳ ಇದೆ ಅಂತ ನಂಬಬೇಡಿ, ಒಂದೇ ಕಡೆ ಬಿಸಿಲಿಗೆ ನಿಂತ ಟಯರಿನ ಗೋಡೆ ಕೂದಲೆಳೆಯಂತೆ ಸೀಳಿರುತ್ತೆ, ಬೆರಳಿಂದ ಒತ್ತಿ ನೋಡಿ. ಗಾಳಿ ಬೆಳಗ್ಗೆ ತಣ್ಣಗಿರುವಾಗ ಹೊಡೆಸಿ. "ಬಿಸಿಲಿದೆ, ಎರಡು ಪಾಯಿಂಟ್ ಕಡಿಮೆ ಇರ್ಲಿ" ಅನ್ನೋದು ನಮ್ಮ ಕಡೆಯ ದೊಡ್ಡ ತಪ್ಪು. ಗಾಳಿ ಕಡಿಮೆ ಇದ್ದಷ್ಟು ಟಯರ್ ಗೋಡೆ ಹೆಚ್ಚು ಮಡಚುತ್ತೆ, ಹೆಚ್ಚು ಕಾಯುತ್ತೆ, ಅದಕ್ಕೇ ಸಿಡಿಯೋದು. ತುಂಬಿದ ಗಾಡಿಗೆ ಎಷ್ಟು ಅಂತ ಡ್ರೈವರ್ ಬಾಗಿಲ ಕಂಬದ ಸ್ಟಿಕರ್‌ನಲ್ಲಿದೆ. ಸ್ಟೆಪ್ನಿಗೂ ಹೊಡೆಸಿ.

ರೇಡಿಯೇಟರ್‌ಗೆ ಬೋರಿನ ನೀರು ಹಾಕಬೇಡಿ, ನಮ್ಮ ನೀರಿನ ಸುಣ್ಣ ಒಳಗೆ ಕಟ್ಟುತ್ತೆ. ಕೂಲೆಂಟ್ ಮತ್ತು ಬ್ಯಾಟರಿ ನೀರು ಅರ್ಧರ್ಧ. ಬಾನೆಟ್ ಎತ್ತಿ ಇಲಿ ಹಿಕ್ಕೆ, ಕಡಿದ ವೈರು ಹುಡುಕಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು ಸಾಮಾನ್ಯ. ಆಮೇಲೆ ಒಂದು ವಾರ ಊರೊಳಗೆ, ಒಂದು ದಿನ ಹೊಸಪೇಟೆ ತನಕ ಹೋಗಿ ಬನ್ನಿ. ಹಿಟ್ನಾಳ್ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದುತ್ತೋ ಇಲ್ವೋ ಅದೂ ಗೊತ್ತಾಗುತ್ತೆ.

---

ಕಾಗದ_ಪತ್ರ (ಬಳ್ಳಾರಿ)

ಫಾಸ್ಟ್ಯಾಗ್ ಮಾತು ಬಂತಲ್ಲ. 2021ರ ಫೆಬ್ರವರಿ ಮಧ್ಯದಿಂದ ಟ್ಯಾಗ್ ಇಲ್ಲದಿದ್ದರೆ ಎರಡು ಪಟ್ಟು. ಟ್ಯಾಗ್ ಇದ್ದೂ ದುಡ್ಡು ಖಾಲಿಯಾಗಿ ಕಪ್ಪುಪಟ್ಟಿಗೆ ಹೋಗಿದ್ದರೂ ಅದೇ ಎರಡು ಪಟ್ಟು. ಟೋಲ್ ಎದುರು ನಿಂತು ರೀಚಾರ್ಜ್ ಮಾಡಿದರೆ ಅಲ್ಲಿನ ಯಂತ್ರಕ್ಕೆ ತಿಳಿಯಲು ಸ್ವಲ್ಪ ಹೊತ್ತು ಬೇಕು, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹಿಂದಿನ ದಿನವೇ ಹಾಕಿ.

ಅದಕ್ಕಿಂತ ದೊಡ್ಡದು ಅವಧಿ ಮುಗಿದ ದಾಖಲೆ. 2020ರ ಫೆಬ್ರವರಿ 1ರ ನಂತರ ಮುಗಿದ ಡಿಎಲ್, ಆರ್‌ಸಿ, ಪರ್ಮಿಟ್ ಎಲ್ಲವೂ ಚಾಲ್ತಿಯಲ್ಲಿವೆ ಎಂದು ಕೇಂದ್ರ ಸರ್ಕಾರ ಮತ್ತೆ ಮತ್ತೆ ಮುಂದೂಡಿತ್ತು. ಆ ವಿನಾಯಿತಿ 2021ರ ಅಕ್ಟೋಬರ್ 31ಕ್ಕೆ ಮುಗಿದಿದೆ. "ಕೊರೊನಾದಿಂದ ಎಕ್ಸ್‌ಟೆಂಡ್ ಆಗಿದೆ" ಎಂಬ ನಂಬಿಕೆ ಮಾತ್ರ ಇನ್ನೂ ಎಕ್ಸ್‌ಟೆಂಡ್ ಆಗುತ್ತಿದೆ.

ಡಿಎಲ್ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ನವೀಕರಣ, ಒಂದು ವರ್ಷ ದಾಟಿದರೆ ಮತ್ತೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆ. ವಿಮೆ ತಪ್ಪಿ 90 ದಿನ ದಾಟಿದ್ದರೆ ನೋ ಕ್ಲೈಮ್ ಬೋನಸ್ ಪೂರ್ತಿ ಹೋಗುತ್ತದೆ, ಕಂಪನಿಯವರು ಗಾಡಿ ಪರಿಶೀಲಿಸಿದ ಮೇಲೆಯೇ ಪೂರ್ಣ ವಿಮೆ. ಹೊರಡುವ ಹಿಂದಿನ ರಾತ್ರಿ ಮಾಡುವ ಕೆಲಸ ಅಲ್ಲ ಅದು. ಎಮಿಷನ್ ಸರ್ಟಿಫಿಕೇಟನ್ನು ವಿಮೆಯ ಜೊತೆಗೇ ಮಾಡಿಸಿ. ದಾಖಲೆಗಳನ್ನು ಡಿಜಿಲಾಕರ್‌ಗೆ ಇಳಿಸಿಕೊಳ್ಳಿ, ಪೊಲೀಸರು ಅದನ್ನು ಒಪ್ಪಬೇಕು. ಗ್ಯಾಲರಿಯಲ್ಲಿರುವ ಫೋಟೊಗೆ ಆ ಮಾನ್ಯತೆ ಇಲ್ಲ.

ಲಸಿಕೆ ಪತ್ರ: ಗೋವಾ, ಕೇರಳದಿಂದ ಬರುವವರಿಗೆ ಆರ್‌ಟಿ-ಪಿಸಿಆರ್ ಬೇಕೆಂಬ ನಿಯಮವನ್ನು ಕರ್ನಾಟಕ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೇಂದ್ರದ ಆದೇಶಗಳೂ ಮಾರ್ಚ್ 31ಕ್ಕೆ ಮುಗಿದಿವೆ. ಆದರೂ ಎರಡು ಡೋಸಿನ ಪತ್ರ ಕೈಯಲ್ಲಿರಲಿ, ಲಾಡ್ಜ್, ದೇವಸ್ಥಾನದವರು ತಮ್ಮದೇ ನಿಯಮ ಇಟ್ಟುಕೊಂಡಿರುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಇದ್ದರೆ ಲಸಿಕೆಯ ಜಾಲತಾಣ ಕೋವಿನ್‌ನಲ್ಲಿ ತಿದ್ದುವ ಅವಕಾಶವಿದೆ. ಹೆಸರು ತಿದ್ದಲು ಸಿಗುವುದು ಒಂದೇ ಸಲ, ಆಧಾರ್ ಕಾರ್ಡ್ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ಟೈಪ್ ಮಾಡಿ.

---

ಸಿಂಧನೂರು_ಔಷಧಿ

13 ವರ್ಷದ ಹುಡುಗಿಗೆ: 12–14ರವರಿಗೆ ಕೋರ್ಬೆವ್ಯಾಕ್ಸ್ ಎಂಬ ಕೊರೊನಾ ಲಸಿಕೆ ಮಾರ್ಚ್ 16ರಿಂದ ಕೊಡುತ್ತಿದ್ದಾರೆ, ಎರಡು ಡೋಸಿನ ನಡುವೆ 28 ದಿನ. ಇವತ್ತು ಮೊದಲನೆಯದು ಹಾಕಿಸಿದರೆ ಎರಡನೆಯದು ಮೇ 9ಕ್ಕೆ, ಅಂದರೆ ಪ್ರವಾಸದ ನಡುವೆ. ಅದಕ್ಕಾಗಿ ಪ್ರವಾಸ ಬಿಡಬೇಕಿಲ್ಲ, 28 ದಿನ ಎನ್ನುವುದು ಕನಿಷ್ಠ ಅಂತರ, ಬಂದ ಮೇಲೆ ಹಾಕಿಸಬಹುದು. ಹಿರಿಯರು ಎರಡನೆ ಡೋಸ್ ಆಗಿ 9 ತಿಂಗಳು ಕಳೆದಿದ್ದರೆ ಮುನ್ನೆಚ್ಚರಿಕೆ ಡೋಸ್ (ಮೂರನೆಯದು) ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತ. 60ಕ್ಕಿಂತ ಕೆಳಗಿನವರಿಗೆ ನಿನ್ನೆಯಿಂದ ಖಾಸಗಿಯಲ್ಲಿ. ಹೊರಡುವುದಕ್ಕೆ ಎರಡು ವಾರ ಮೊದಲೇ ಮುಗಿಸಿಬಿಡಿ, ಜ್ವರ ಮೈಕೈ ನೋವು ದಾರಿಯಲ್ಲಿ ಬೇಡ.

ಇನ್ಸುಲಿನ್ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು 40 ದಾಟುತ್ತದೆ, ನಿಂತ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ತೆರೆಯದ ಸೀಸೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವುದು 25–30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ, ನಿಮ್ಮ ಬ್ರ್ಯಾಂಡಿನ ಚೀಟಿ ನೋಡಿಕೊಳ್ಳಿ. ಫ್ರಿಜ್ ಇಲ್ಲದ ಕಡೆ ಹೀಗೆ ಮಾಡಿ: ಒಂದು ದೊಡ್ಡ ಮಣ್ಣಿನ ಕುಡಿಕೆ, ಅದರೊಳಗೆ ಚಿಕ್ಕದು, ನಡುವಿನ ಸಂದಿಗೆ ಮರಳು ತುಂಬಿ ಮರಳಿಗೆ ನೀರು ಚಿಮುಕಿಸಿ. ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿನ ಕುಡಿಕೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ. ನೀರು ಆರುವಾಗ ಒಳಗೆ ತಂಪಾಗುತ್ತದೆ. ಒಣ ಹವೆಯ ರಾಯಚೂರು, ಕೊಪ್ಪಳದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಗೋಕರ್ಣ, ಗೋವಾದ ಜಿಗುಟು ಹವೆಯಲ್ಲಿ ನೀರೇ ಆರುವುದಿಲ್ಲ, ಅಲ್ಲಿ ಲಾಡ್ಜಿನವರ ಫ್ರಿಜ್ಜೇ ಗತಿ. ರೈಲಿಗೆ ಥರ್ಮಾಸ್ ಒಯ್ಯುವುದಾದರೆ ಮಂಜುಗಡ್ಡೆಗೆ ಸೀಸೆ ತಾಗದಂತೆ ಟವೆಲ್ ಸುತ್ತಿ. ಒಮ್ಮೆ ಗಡ್ಡೆಯಾದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯೇ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಬಿಸಾಡಿ.

ಮನೆಯಲ್ಲೇ ನೋಡುವ ಕೊರೊನಾ ಕಿಟ್ ಎರಡು ಇಟ್ಟುಕೊಳ್ಳಿ. ಅದಕ್ಕೂ 30 ಡಿಗ್ರಿ ಮಿತಿ, ಡ್ಯಾಷ್‌ಬೋರ್ಡ್ ಮೇಲಿಟ್ಟದ್ದು ಸುಳ್ಳು ಹೇಳಬಹುದು. ಎರಡೂ ಮೂಗಿನ ಹೊಳ್ಳೆಯಲ್ಲಿ ಐದೈದು ಸುತ್ತು ತಿರುಗಿಸಿ, ಟ್ಯೂಬಿನಲ್ಲಿ ಹತ್ತು ಸುತ್ತು, ಎರಡು ಹನಿ, 15 ನಿಮಿಷ. 20 ನಿಮಿಷದ ಮೇಲೆ ಕಂಡ ಗೆರೆಗೆ ಬೆಲೆಯಿಲ್ಲ. ಪಾಸಿಟಿವ್ ಬಂದರೆ ಅಂದಿನಿಂದ 7 ದಿನ ಬೇರೆ ಇರಬೇಕು, ಕೊನೆಯ 3 ದಿನ ಜ್ವರ ಇರಬಾರದು. ಕಾಶಿಯ ಲಾಡ್ಜಿನಲ್ಲಿ 7 ದಿನ ಹೆಚ್ಚಿಗೆ ಉಳಿದರೆ ಎಷ್ಟಾಗುತ್ತದೆ ಎಂದು ಈಗಲೇ ಲೆಕ್ಕ ಹಾಕಿಡಿ.

ಓಆರ್‌ಎಸ್: ಒಂದು ಲೀಟರಿನ ಪುಡಿಯನ್ನು ಲೋಟಕ್ಕಿಷ್ಟು ಅಂದಾಜಿನಲ್ಲಿ ಹಾಕಬೇಡಿ, ಪೂರ್ತಿ ಪುಡಿ ಪೂರ್ತಿ ಲೀಟರಿಗೆ. ಗಟ್ಟಿಯಾದರೆ ಭೇದಿ ಹೆಚ್ಚುತ್ತದೆ.

---

ಯಲಹಂಕ_ಕಡೆಯವ

ಇದೇ ಎಳೆಯಲ್ಲಿ ಕೇಳಬಹುದಾ? ಮೇ ತಿಂಗಳಲ್ಲಿ ನಾವು ಆ ಕಡೆ ಬರ್ತಿದೀವಿ, ಹಂಪಿ, ಆನೆಗೊಂದಿ. ವಿರೂಪಾಪುರ ಗಡ್ಡೆಯಲ್ಲಿ ಗೆಸ್ಟ್‌ಹೌಸ್ ಹುಡುಕ್ತಿದೀವಿ, ಹಳೇ ಬರಹಗಳಲ್ಲಿ ಬಹಳ ಹೊಗಳಿದ್ದಾರೆ.

ಪಾನಾ_ಸೆಟ್ಟು

ಗಡ್ಡೆಯಲ್ಲಿ ಅವು ಈಗಿಲ್ಲ ಸರ್. ಸುಪ್ರೀಂ ಕೋರ್ಟ್ ತೀರ್ಪು 2020ರ ಫೆಬ್ರವರಿಯಲ್ಲಿ ಬಂತು, ಮಾರ್ಚ್ ಮೊದಲ ವಾರ ರೆಸಾರ್ಟ್‌ಗಳನ್ನ ಕೆಡವಿದ್ರು. ಅದರ ಹಿಂದೇ ಲಾಕ್‌ಡೌನ್ ಬಂದದ್ದಕ್ಕೆ ಹೊರಗಿನವರಿಗೆ ಸುದ್ದಿಯೇ ಮುಟ್ಟಲಿಲ್ಲ. ಸಾಣಾಪುರ, ಆನೆಗೊಂದಿ ಕಡೆ ನೋಡಿ, ಅನುಮತಿ ಇದೆಯಾ ಅಂತ ಕೇಳಿಯೇ ಮುಂಗಡ ಕೊಡಿ. ಹೊಳೆ ಈ ಕಡೆ ಕೊಪ್ಪಳ ಜಿಲ್ಲೆ. ಆ ಕಡೆ ಹಂಪಿ ಈಗ ಬಳ್ಳಾರಿ ಜಿಲ್ಲೆ ಅಲ್ಲ, ವಿಜಯನಗರ ಜಿಲ್ಲೆ. ಕಾರಿನಲ್ಲಿ ದಾಟೋಕೆ ಕಡೆಬಾಗಿಲು–ಬುಕ್ಕಸಾಗರ ಸೇತುವೆ.

ಅಂಜನಾದ್ರಿಗೆ 575 ಮೆಟ್ಟಿಲು. ಮೇ ತಿಂಗಳಲ್ಲಿ ಬೆಳಗ್ಗೆ ಏಳರೊಳಗೆ ಹತ್ತಿ ಇಳಿದುಬಿಡಿ, ಹತ್ತು ಗಂಟೆ ಮೇಲೆ ಬಂಡೆ ಕಾವಿಗೆ ಬರಿಗಾಲು ಇಡೋಕಾಗಲ್ಲ.

ಹಗರಿ_ಹೊಳಿ

@ಯಲಹಂಕ_ಕಡೆಯವ ವಿಜಯ ವಿಠ್ಠಲ ದೇವಸ್ಥಾನದ 40 ರೂಪಾಯಿ ಟಿಕೆಟ್ಟೇ ಕಮಲ ಮಹಲ್ ಇರುವ ರಾಣಿವಾಸದ ಆವರಣಕ್ಕೂ ಕಮಲಾಪುರ ಮ್ಯೂಸಿಯಮ್‌ಗೂ ನಡೆಯುತ್ತೆ, ಆದ್ರೆ ಅದೇ ದಿನ ಮಾತ್ರ. ಒಂದು ದಿನ ವಿಠ್ಠಲ, ಮರುದಿನ ಕಮಲ ಮಹಲ್ ಅಂತ ಹಂಚಿದ್ರೆ ಎರಡು ಸಲ ಕೊಡ್ತೀರಿ. 15ರ ಒಳಗಿನ ಮಕ್ಕಳಿಗೆ ಉಚಿತ. ಕ್ಯೂಆರ್ ಸ್ಕ್ಯಾನ್ ಮಾಡಿ ಕೊಂಡರೆ 35, ಬಾಗಿಲ ಹತ್ತಿರ ನೆಟ್‌ವರ್ಕ್ ಕೈಕೊಡುತ್ತೆ, ಹೊಸಪೇಟೆಯಲ್ಲೇ ತೆಗೆದಿಟ್ಟುಕೊಳ್ಳಿ.

---

ಕೊಪ್ಪಳ_ಕೋಟೆ

ಎಲ್ಲರಿಗೂ ನಮಸ್ಕಾರ ರೀ. ಕಾರಿನ ಬ್ರೇಕ್ ಆಯಿಲ್ ಇದ್ದಿಲ ಬಣ್ಣ ಬಂದಿದೆ, ವಿಮೆಯೂ ಡಿಸೆಂಬರ್‌ನಲ್ಲೇ ಮುಗಿದಿದೆ. ಗೋಕರ್ಣ ದಸರೆಗೆ ನೋಡೋಣ. ಕಾಶಿಯೇ ಗಟ್ಟಿ. ಬೆಂಗಳೂರಿನಿಂದ ಹುಡುಕಿದರೂ ಸಿಗಲಿಲ್ಲ, ತತ್ಕಾಲ್ ಥರ್ಡ್ ಎಸಿ ಪ್ರಯತ್ನ ಮಾಡ್ತೀವಿ. ಮೇ 2, ಸೋಮವಾರ ನಸುಕಿನಲ್ಲಿ ರಾಯಚೂರಿನಲ್ಲಿ ಹತ್ತೋದು. ಹಾಗಾದ್ರೆ ಮೇ 1, ಭಾನುವಾರ ಬೆಳಗ್ಗೆ 10ಕ್ಕೆ ಕೂರ್ತೀನಿ. ಆರೂ ಹೆಸರು ಒಂದೇ ಸಲ ಹಾಕಬಹುದಲ್ವಾ?

ಜಂಕ್ಷನ್_ರಾಯಚೂರು

ತಡೀರಿ ತಡೀರಿ. ಎರಡು ತಪ್ಪದಾವು.

ತತ್ಕಾಲ್‌ಗೆ ಒಂದು ಪಿಎನ್‌ಆರ್‌ಗೆ ನಾಲ್ಕೇ ಮಂದಿ. ಎರಡು ಫೋನು, ಎರಡು ಖಾತೆ, ಮೂರು ಮೂರು ಮಂದಿ ಮಾಡ್ರಿ. ಹೆಸರುಗಳನ್ನ ಐಆರ್‌ಸಿಟಿಸಿ ಖಾತೆಯ ಮಾಸ್ಟರ್ ಲಿಸ್ಟಿನಾಗ ಮೊದಲೇ ತುಂಬಿ ಇಡ್ರಿ. ತತ್ಕಾಲ್‌ನಾಗ ಹಿರಿಯರ ಕೆಳಗಿನ ಬರ್ತಿನ ಕೋಟಾ ನಡಿಯಂಗಿಲ್ಲ, ಸಿಕ್ಕಿದ್ದು ಸಿಕ್ತು, ಒಳಗ ಹೋಗಿ ಅದಲುಬದಲು ಕೇಳ್ರಿ. ಖಚಿತ ಆದ ತತ್ಕಾಲ್ ರದ್ದು ಮಾಡಿದ್ರ ಒಂದು ರೂಪಾಯಿನೂ ವಾಪಸ್ ಇಲ್ಲ. ಅದಕ್ಕ ಇಟಾರ್ಸಿ–ವಾರಾಣಸಿದು ಮೊದಲು ಕೈಗೆ ಬರಲಿ, ಅದು ಮಾಮೂಲಿ ಟಿಕೆಟ್ ಆಗಿದ್ರ ಎರಡು ದಿನ ಮುಂಚೆ ರದ್ದು ಮಾಡಿದ್ರೂ ಥರ್ಡ್ ಎಸಿಗೆ ತಲಿಗೆ 180 ಮತ್ತ ಜಿಎಸ್‌ಟಿ ಹೋಗ್ತದ, ಉಳಿದದ್ದು ಬರ್ತದ.

ಇನ್ನ ತಾರೀಖು. ತತ್ಕಾಲ್ ಒಂದು ದಿನ ಮುಂಚೆ ಅನ್ನೋದು ನೀವು ಹತ್ತೋ ದಿನದಿಂದ ಎಣಿಸೋದಲ್ಲ, ಗಾಡಿ ತನ್ನ ಮೂಲ ಸ್ಟೇಷನ್ ಬಿಡೋ ದಿನದಿಂದ. ನಿಮ್ಮ ಗಾಡಿ ರಾಯಚೂರಿಗೆ ಮೇ 2ರ ನಸುಕಿಗೆ ಬರಬೇಕಂದ್ರ ಬೆಂಗಳೂರು ಬಿಡೋದು ಮೇ 1ರ ಸಂಜಿ. ತತ್ಕಾಲ್ ತೆಗಿಯೋದು ಏಪ್ರಿಲ್ 30, ಶನಿವಾರ, ಬೆಳಗ್ಗೆ 10. ಭಾನುವಾರ ಕುಂತ್ರ ನಿಮಗ ತೋರಿಸೋದು ಮರುದಿನದ ಗಾಡಿ.

ಕೊಪ್ಪಳ_ಕೋಟೆ

ಶನಿವಾರ 9:45ಕ್ಕೆ ಅಲಾರಾಂ ಇಟ್ಟೆ. ಅತ್ತಿಗೆ ಫೋನಿನಲ್ಲೂ.